ಮಧ್ಯಾಹ್ನಕ್ಕೆ ನಿಲ್ಲುವ ಗಿಣಿ

ಜನವರಿ 14

ಅಕ್ಕ,

ಬಾಯಿಮಾತಿನ ದೂರನ್ನು ತೆಗೆದುಕೊಳ್ಳುವುದಿಲ್ಲ ಎಂದು ಹೇಳಿ ನೀನು ಫೋನ್ ಇಟ್ಟುಬಿಟ್ಟೆ. ಸರಿ, ಬರೆಯುತ್ತಿದ್ದೇನೆ. ಕಾಲೇಜಿನ ದಿನಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ನಾವಿಬ್ಬರೂ ಗಿಣಿ ಎನ್ನುವ ನಮ್ಮದೇ ಪ್ರೋಗ್ರಾಮ್ ಭಾಷೆ ಕಟ್ಟುವಾಗ ನೀನೇ ಮಾಡಿದ ನಿಯಮ ಇದು. ದೂರಿದ್ದರೆ ಬರೆದು ಕೊಡಬೇಕು: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಗಿಣಿಯಲ್ಲಿ ಬರೆದದ್ದನ್ನು ಚಿಕ್ಕ ಚಿಕ್ಕ ಆಜ್ಞೆಗಳಾಗಿ ಒಡೆಯುವ ಕಂಪೈಲರನ್ನು ನೀನು ಬರೆಯುತ್ತಿದ್ದೆ. ಅದು ಹೊರಹಾಕಿದ ಆಜ್ಞೆಗಳ ಪಟ್ಟಿಯನ್ನು, ಅಂದರೆ ಬೈಟ್‌ಕೋಡನ್ನು, ಒಂದೊಂದೇ ಸಾಲು ಓದಿ ನಡೆಸುವ ಯಂತ್ರವನ್ನು ನಾನು ಬರೆಯುತ್ತಿದ್ದೆ. ಪಕ್ಕಪಕ್ಕದ ಕುರ್ಚಿಯಲ್ಲಿ ಕೂತು ಒಬ್ಬರಿಗೊಬ್ಬರು ಚೀಟಿ ದಾಟಿಸುತ್ತಿದ್ದ ನಮ್ಮನ್ನು ನೋಡಿ ಅಮ್ಮ, "ಏನ್ರೋ, ಇಬ್ಬರಿಗೂ ಬಾಯಿ ಬಿದ್ದೋಗಿದ್ಯಾ?" ಎಂದು ನಗುತ್ತಿದ್ದಳು. ಈಗ ಬಾಯಿ ಬಿದ್ದುಹೋಗಿರುವುದು ಅವಳದು.

ಏನು ಮಾಡಿದೆವು: ಲಕ್ವ ಹೊಡೆದ ಮೇಲೆ ನೀನು ಬಂದು ಹತ್ತು ದಿನ ಕೂತು ಮಾಡಿಕೊಟ್ಟ ಮಾತಿನ ಪೆಟ್ಟಿಗೆಯನ್ನು ಅಮ್ಮ ದಿನಾ ಬಳಸುತ್ತಿದ್ದಾಳೆ. ಎಡಗೈಯ ಎರಡು ಬೆರಳು ಚೆನ್ನಾಗಿ ಆಡುತ್ತವೆ. ರೈಲು ನಿಲ್ದಾಣದಲ್ಲಿ ಅವಳು ಘೋಷಣೆ ಮಾಡಿದ ಹಳೆಯ ಧ್ವನಿಮುದ್ರಣಗಳಿಂದ ನೀನು ಪದಗಳನ್ನು ಕತ್ತರಿಸಿ ತುಂಬಿದ್ದೀಯಲ್ಲ, ಅವುಗಳನ್ನೇ ಜೋಡಿಸಿ ಮಾತಾಡುತ್ತಾಳೆ. ಮೊನ್ನೆ ನಾನು ಶಾಲೆಯಿಂದ ಬರುವುದು ತಡವಾಯಿತು. ಬಾಗಿಲು ತೆಗೆದೊಡನೆ ಪೆಟ್ಟಿಗೆಯಿಂದ ಅವಳದೇ ದನಿ: "ಒಂದು ಗಂಟೆ ತಡವಾಗಿ ಬಂದಿದೆ. ಅನಾನುಕೂಲಕ್ಕೆ ವಿಷಾದವಿದೆ." ಇಬ್ಬರೂ ನಕ್ಕೆವು, ಅವಳು ಅರ್ಧ ಬಾಯಲ್ಲಿ.

ಏನಾಗಬೇಕಿತ್ತು: ದಿನವಿಡೀ ಹೀಗೆ ಮಾತಾಡಬೇಕಿತ್ತು.

ಏನಾಯಿತು: ಮಧ್ಯಾಹ್ನದ ಹೊತ್ತಿಗೆ ಕೆಂಪು ದೀಪ ಹತ್ತಿ ಪೆಟ್ಟಿಗೆ ನಿಲ್ಲುತ್ತದೆ. ಆರಿಸಿ ಹಚ್ಚಿದರೆ ಒಂದು ನಿಮಿಷಕ್ಕೆ ಮತ್ತೆ ಸರಿ. ಆದರೆ ಸ್ವಿಚ್ ಹಿಂದುಗಡೆ ಇದೆ, ಅಮ್ಮನ ಕೈಗೆ ಎಟುಕುವುದಿಲ್ಲ. ನಾನು ಬರುವ ತನಕ ಅವಳು ಮೂಕಿ.

ಬೇಗ ನೋಡು. ಸಾಧ್ಯವಾದರೆ ಬಂದು ನೋಡು.

ನಿನ್ನ ತಮ್ಮ


ಜನವರಿ 29

ಪ್ರೀತಿಯ ತಮ್ಮನಿಗೆ,

ನಿನ್ನ ದೂರು ತಲುಪಿತು. ಮೂರು ಸಾಲಿನಲ್ಲಿ ಮುಗಿಸು ಎಂದರೆ ಪುರಾಣ ಬರೆದಿದ್ದೀಯ.

ನನ್ನ ಮೇಜಿನ ಮೇಲೆ ಅದೇ ಪೆಟ್ಟಿಗೆಯ ಜೋಡಿ ಇದೆ. ಎಲ್ಲ ಗುಂಡಿಗಳನ್ನೂ ಹತ್ತು ಹತ್ತು ಸಲ ಒತ್ತಿ ನೋಡಿದೆ. ಇಲ್ಲಿ ಏನೂ ನಿಲ್ಲಲಿಲ್ಲ. ಹಾಗಾಗಿ ಭಾಷೆಯಲ್ಲಿ ತಪ್ಪಿಲ್ಲ, ಕಂಪೈಲರಿನಲ್ಲಂತೂ ಇಲ್ಲವೇ ಇಲ್ಲ. ಕೆಂಪು ದೀಪ ಹಚ್ಚುವುದು ನೀನು ಬರೆದ ಯಂತ್ರ. ಅದು ಯಾವುದನ್ನೋ ನುಂಗಿ ಜೀರ್ಣಿಸಿಕೊಳ್ಳಲಾರದೆ ನಿಲ್ಲುತ್ತಿರಬೇಕು. ಆ ಕಾಲದಲ್ಲಿ ನೀನು ಬರೆಯುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ, ಅರ್ಧ ನಿದ್ದೆ, ಅರ್ಧ ಕ್ರಿಕೆಟ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊದಲು ನಿನ್ನ ಮನೆ ಗುಡಿಸಿಕೋ.

ಬರುವುದು ಈಗ ಆಗದ ಮಾತು. ಹೊಸ ಆಸ್ಪತ್ರೆಯೊಂದರ ಲಿಫ್ಟುಗಳಿಗೆ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತರೆ ಒಳಗಿರುವ ರೋಗಿಯ ಗತಿ ಏನು ಹೇಳು. ಅಮ್ಮನನ್ನು ಕೇಳಿದೆ ಎಂದು ಹೇಳು.

ಅಕ್ಕ


ಫೆಬ್ರವರಿ 20

ಅಕ್ಕ,

ನನ್ನ ಯಂತ್ರದ ಹಳೆಯ ಪ್ರತಿಯನ್ನು ತೆಗೆದು ಸಾಲು ಸಾಲು ಓದಿದೆ. ಎರಡು ವಾರ ಅದೇ ಕೆಲಸ. ಕೆಂಪು ದೀಪ ಹತ್ತುವುದು ಒಂದೇ ಕಾರಣಕ್ಕೆ, ಅಟ್ಟಿ ತುಂಬಿದಾಗ. ಯಂತ್ರ ಲೆಕ್ಕ ಮಾಡುವಾಗ ಒಂದರ ಮೇಲೊಂದು ಇಟ್ಟುಕೊಳ್ಳುವ ಆ ಪೇರಿಕೆಗೆ ನಾವೇ ಇಟ್ಟ ಹೆಸರು, ಮರೆತಿಲ್ಲ ತಾನೆ. ಯಾರೋ ಅದರ ಮೇಲೆ ಇಡುತ್ತಿದ್ದಾರೆ, ತೆಗೆಯುತ್ತಿಲ್ಲ. ಇಡು ಎಂದರೆ ಇಡುವುದು, ತೆಗೆ ಎಂದರೆ ತೆಗೆಯುವುದು ಇಷ್ಟೇ ನನ್ನ ಯಂತ್ರದ ಕೆಲಸ. ಇಡು ಎನ್ನುವುದೂ ತೆಗೆ ಎನ್ನುವುದೂ ನಿನ್ನ ಕಂಪೈಲರ್.

ಪಕ್ಕದ ಮನೆಯ ದರ್ಜಿಗೆ ಇದನ್ನು ವಿವರಿಸಲು ಹೋಗಿ ಸಾಕಾಯಿತು. ನಾನಿಲ್ಲದಾಗ ಅವರೇ ದಿನಕ್ಕೆರಡು ಸಲ ಬಂದು ಅಮ್ಮನನ್ನು ಮಾತಾಡಿಸಿ ಹೋಗುವವರು. "ಅಲ್ಲಾ ಮೇಷ್ಟ್ರೇ, ಯಂತ್ರ ನೀವೇ ಬರ್ದಿದ್ದು, ಭಾಷೆ ನಿಮ್ಮಕ್ಕನೇ ಬರ್ದಿದ್ದು. ಮನೇಲೇ ಇಬ್ರು ಡಾಕ್ಟ್ರಿದ್ದೂ ಕಾಯಿಲೆ ಯಾರದ್ದು ಅಂತ ಜಗಳಾನಾ?" ಎಂದರು.

ಕಳೆದ ಸೋಮವಾರ ಅವರು ಬಂದಾಗ ಪೆಟ್ಟಿಗೆ ನಿಂತಿತ್ತು. ಅಮ್ಮ ಗುಂಡಿ ಒತ್ತುತ್ತಲೇ ಇದ್ದಳಂತೆ. ಅವರು, "ಏನಮ್ಮಾ, ಇವತ್ತು ಮಾತೇ ಇಲ್ಲ, ಕೋಪಾನಾ?" ಎಂದು ತಮಾಷೆ ಮಾಡಿ ಹೋಗಿದ್ದಾರೆ. ಅವಳಿಗೆ ಬಚ್ಚಲಿಗೆ ಹೋಗಬೇಕಿತ್ತು, ಅಕ್ಕ. ನಾನು ಬಂದಾಗ ಕುರ್ಚಿಯೂ ಬಟ್ಟೆಯೂ ಒದ್ದೆಯಾಗಿದ್ದವು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದಳು. ಪೆಟ್ಟಿಗೆಯನ್ನು ಆರಿಸಿ ಹಚ್ಚಿದೆ. ಆಮೇಲೂ ಮುಖ ಈ ಕಡೆ ತಿರುಗಿಸಲಿಲ್ಲ. ದರ್ಜಿಗೆ ಈಗ ಸ್ವಿಚ್ ತೋರಿಸಿಕೊಟ್ಟಿದ್ದೇನೆ. ಅವರು ಆರಿಸುವ ಬದಲು ಹೊಲಿಗೆಯಂತ್ರಕ್ಕೆ ಗುದ್ದುವ ಹಾಗೆ ಅದಕ್ಕೂ ಗುದ್ದುತ್ತಾರೆ.

ಯಾವ ಗುಂಡಿ ಹೆಚ್ಚು ಒತ್ತುತ್ತಾಳೆ ಎಂದು ನೀನು ಕೇಳುತ್ತೀಯ, ಕೇಳುವ ಮೊದಲೇ ಹೇಳುತ್ತೇನೆ. ಜನಸಂದಣಿಯಲ್ಲಿ ಕಳೆದುಹೋದ ಮಕ್ಕಳಿಗಾಗಿ ಅವಳು ಮಾಡುತ್ತಿದ್ದ ಘೋಷಣೆ, "ನಿಮ್ಮ ತಾಯಿ ಮಾಹಿತಿ ಕೊಠಡಿಯಲ್ಲಿ ಕಾಯುತ್ತಿದ್ದಾರೆ." ಅದನ್ನು ನೀನೇ ತಮಾಷೆಗೆಂದು ತುಂಬಿದ್ದು. ಅವಳು ತಮಾಷೆಗೆ ಒತ್ತುತ್ತಿಲ್ಲ. ನಿನ್ನ ಫೋಟೋದ ಕಡೆ ತಿರುಗಿ ಬೆಳಿಗ್ಗೆ ಪೂರ್ತಿ ಒತ್ತುತ್ತಾಳೆ.

ನಾನೇ ಸರಿಪಡಿಸೋಣವೆಂದರೆ ಪ್ರೋಗ್ರಾಮ್ ತುಂಬಿರುವ ಚಿಪ್ಪಿಗೆ ಬೇರೆ ಯಾರೂ ತಿದ್ದದಂತೆ ನೀನು ಬೀಗ ಹಾಕಿದ್ದೀಯ. ಬೀಗ ಒಡೆದರೆ ಅದರಲ್ಲಿರುವುದೆಲ್ಲ ಅಳಿಸುತ್ತದೆ, ಅಮ್ಮನ ದನಿಯೂ. ಮೂಲ ಧ್ವನಿಮುದ್ರಣಗಳು ನಿನ್ನ ಹತ್ತಿರವೇ ಇವೆ. ಅವನ್ನಾದರೂ ಕಳಿಸು, ಕಂಪೈಲರನ್ನಾದರೂ ಕಳಿಸು. ಇಲ್ಲವೇ ಎರಡು ದಿನದ ಮಟ್ಟಿಗೆ ಬಾ.

ತಮ್ಮ


ಮಾರ್ಚ್ 11

ತಮ್ಮನಿಗೆ,

ಬಟ್ಟೆ ಒದ್ದೆಯಾದ ವಿಷಯ ಓದಿ ಬೇಸರವಾಯಿತು. ಹಗಲಿಡೀ ಇರುವಂಥ ಒಬ್ಬ ಹೆಂಗಸನ್ನು ಗೊತ್ತುಮಾಡಬಾರದೇ? ದರ್ಜಿಯನ್ನು ನಂಬಿಕೊಂಡು ಮನೆ ನಡೆಸುತ್ತಾರೆಯೇ?

ಯಾವ ಗುಂಡಿ ಎನ್ನುವುದು ಮುಖ್ಯವಲ್ಲ. ಎಲ್ಲ ಗುಂಡಿಗೂ ಒಂದೇ ಬಗೆಯ ಬೈಟ್‌ಕೋಡ್ ಇದೆ.

ಕಂಪೈಲರ್ ಕಳಿಸಲಾರೆ. ಅದಿನ್ನೂ ತಿದ್ದುತ್ತಿರುವ ಕೆಲಸ, ಅರ್ಧ ಗೊತ್ತಿರುವವರು ಕೈ ಹಾಕಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಾಗುತ್ತದೆ. ಅದರ ಬದಲು ಪೆಟ್ಟಿಗೆಯೊಳಗಿನ ಬೈಟ್‌ಕೋಡನ್ನು ಪೂರ್ತಿ ಅಚ್ಚುಹಾಕಿ ಕಳಿಸಿದ್ದೇನೆ. ಕೂತು ಓದು. ಎಷ್ಟು ಚೊಕ್ಕಟವಾಗಿದೆ ನೋಡು, ಒಂದು ಸಾಲು ಹೆಚ್ಚಿಲ್ಲ, ಒಂದು ಸಾಲು ಕಡಿಮೆಯಿಲ್ಲ.

ಇನ್ನೊಂದು ಸುದ್ದಿ. ಚಿಕ್ಕ ಚಿಕ್ಕ ಭಾಷೆಗಳನ್ನು ಕಟ್ಟುವವರೆಲ್ಲ ಸೇರುವ ಸಭೆಯೊಂದು ಏಪ್ರಿಲ್ ಕೊನೆಗೆ ಇದೆ. ಗಿಣಿಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದಾರೆ. ಅಮ್ಮನ ಪೆಟ್ಟಿಗೆಯ ಕಥೆಯನ್ನೇ ಮುಂದಿಟ್ಟು ಹೇಳುತ್ತೇನೆ. ಯಂತ್ರದ ಭಾಗ ಬಂದಾಗ ನಿನ್ನ ಪ್ರಸ್ತಾಪವನ್ನೂ ಮಾಡುತ್ತೇನೆ. ಅಮ್ಮನಿಗೆ ತಿಳಿಸು, ಖುಷಿಪಡುತ್ತಾಳೆ.

ಅಕ್ಕ


ಮಾರ್ಚ್ 24

ಅಕ್ಕ,

ಓದಿದೆ. ತಪ್ಪು ಸಿಕ್ಕಿತು. ನೀನು ಚೊಕ್ಕಟ ಎಂದೆಯಲ್ಲ, ಆ ಚೊಕ್ಕಟದಲ್ಲೇ ಇದೆ.

ಪ್ರತಿ ಆಜ್ಞೆಯೂ ಒಂದು ಉತ್ತರ ಕೊಡಲೇಬೇಕು ಎನ್ನುವುದು ಗಿಣಿಯಲ್ಲಿ ನೀನೇ ಹಟ ಹಿಡಿದು ಮಾಡಿದ ನಿಯಮ. ನುಡಿ ಎನ್ನುವ ಆಜ್ಞೆ ಒಂದು ಪದವನ್ನು ನುಡಿದ ಮೇಲೆ, "ಆಯಿತು" ಎನ್ನುವುದಕ್ಕೆ ಒಂದು ಅಂಕಿಯನ್ನು ಅಟ್ಟಿಯ ಮೇಲೆ ಇಡುತ್ತದೆ. ಆ ಉತ್ತರ ಯಾರಿಗೂ ಬೇಡವಾದಾಗ ಕಂಪೈಲರ್ ಅದರ ಹಿಂದೆಯೇ ಒಂದು ತೆಗೆ ಹಾಕಬೇಕು. ಹಾಕಿಲ್ಲ. ಎಲ್ಲೂ ಹಾಕಿಲ್ಲ. ನಿನ್ನ ಬೈಟ್‌ಕೋಡ್ ಉದ್ದಕ್ಕೂ ಇಡು, ನುಡಿ, ಮುಂದಿನ ಆಜ್ಞೆಗೆ ಹಾರು. ತೆಗೆ ಎನ್ನುವುದು ನುಡಿಯ ಹಿಂದೆ ಒಂದು ಕಡೆಯೂ ಇಲ್ಲ. ಊಟ ಬಡಿಸುತ್ತ ಹೋಗಿ ಎಂಜಲು ತಟ್ಟೆಯನ್ನು ಒಬ್ಬರೂ ಎತ್ತದಿದ್ದರೆ ಏನಾಗುತ್ತದೋ ಅದೇ.

ಆಗ ಯಾಕೆ ತಿಳಿಯಲಿಲ್ಲ ಎಂದರೆ, ಆಗ ನಾವು ಬರೆಯುತ್ತಿದ್ದ ಪ್ರೋಗ್ರಾಮುಗಳು ಹತ್ತು ಸಾಲಿನವು. ಓಡಿ ಮುಗಿಯುತ್ತಿದ್ದವು, ಮುಗಿದಾಗ ಅಟ್ಟಿ ತಾನಾಗಿ ಬರಿದಾಗುತ್ತಿತ್ತು. ಪೆಟ್ಟಿಗೆಯ ಪ್ರೋಗ್ರಾಮ್ ಮುಗಿಯುವುದೇ ಇಲ್ಲ, ಮುಂದಿನ ಗುಂಡಿಗಾಗಿ ಕಾಯುತ್ತಲೇ ಇರುತ್ತದೆ. ನೀನು ಹತ್ತು ಸಲ ಒತ್ತಿ ಆರಿಸಿ ಎದ್ದು ಹೋಗುವವಳು, ಅದಕ್ಕೇ ನಿನ್ನ ಮೇಜಿನ ಮೇಲೆ ಅದು ನಿಲ್ಲುವುದಿಲ್ಲ. ಇಲ್ಲಿ ನಿಲ್ಲುತ್ತದೆ. ಇಲ್ಲಿ ಅದರೊಂದಿಗೆ ದಿನವಿಡೀ ಕೂತವಳೊಬ್ಬಳಿದ್ದಾಳೆ.

ಕಂಪೈಲರಿನಲ್ಲಿ ಒಂದು ಸಾಲು ಸೇರಿಸಿ ಹೊಸ ಚಿಪ್ ಬರೆದು ಕಳಿಸು. ನಿನಗೆ ಅರ್ಧ ದಿನದ ಕೆಲಸ. ಯಾರ ತಪ್ಪು ಎಂದು ನಾನು ಯಾರಿಗೂ ಹೇಳುವುದಿಲ್ಲ, ದರ್ಜಿಗೂ ಹೇಳುವುದಿಲ್ಲ.

ತಮ್ಮ


ಏಪ್ರಿಲ್ 9

ತಮ್ಮನಿಗೆ,

ಅದು ತಪ್ಪಲ್ಲ, ಆಯ್ಕೆ. ಉತ್ತರವನ್ನು ಉಳಿಸಿಕೊಳ್ಳಬೇಕೋ ಬೇಡವೋ ಎನ್ನುವುದನ್ನು ನಡೆಸುವ ಯಂತ್ರವೇ ನಿರ್ಧರಿಸಬಹುದು. ನಾನು ಹಾಗೆ ಎಣಿಸಿಯೇ ಬರೆದದ್ದು. ಸಭೆಗೆ ಎಲ್ಲ ತಯಾರಾಗಿದೆ, ಹಾಳೆಗಳು ಅಚ್ಚಿಗೆ ಹೋಗಿವೆ. ಈಗ ಭಾಷೆಯನ್ನು ಅಲುಗಾಡಿಸಲಾರೆ. ಸಭೆ ಮುಗಿಯಲಿ, ನೋಡೋಣ. ಅಲ್ಲಿಯ ತನಕ ಆರಿಸಿ ಹಚ್ಚಿಕೊಳ್ಳಿ. ಅದೇನು ದೊಡ್ಡ ಕೆಲಸವಲ್ಲವಲ್ಲ.

ಸಭೆಯ ದಿನ ಸಂಜೆ ಫೋನ್ ಮಾಡುತ್ತೇನೆ. ಅಮ್ಮನ ಜೊತೆ ಮಾತಾಡುತ್ತೇನೆ. ಅವಳಿಗೆ ಹೇಳಿರು.

ಅಕ್ಕ


ಮೇ 2

ಅಕ್ಕ,

ಫೋನಿನಲ್ಲಿ ಆದದ್ದು ನಿನಗೆ ಒಂದು ರೀತಿ ಕೇಳಿಸಿರುತ್ತದೆ. ಈ ಕಡೆಯಿಂದ ಹೇಗಿತ್ತು ಎಂದು ಬರೆಯುತ್ತೇನೆ, ಓದು.

ನೀನು ಫೋನ್ ಮಾಡುತ್ತೀಯ ಎಂದು ನಾನು ಬೆಳಿಗ್ಗೆ ಹೇಳಿದಾಗಿನಿಂದ ಅಮ್ಮ ಅಭ್ಯಾಸ ಮಾಡುತ್ತಿದ್ದಳು. ಕೆಲಸದಲ್ಲಿದ್ದಾಗ ಪಾಳಿಗೆ ಹೋಗುವ ಮೊದಲು ಕನ್ನಡಿಯ ಮುಂದೆ ನಿಂತು ಒಂದೊಂದು ರೈಲಿನ ಹೆಸರನ್ನೂ ಹೇಳಿ ನೋಡಿಕೊಳ್ಳುತ್ತಿದ್ದಳಲ್ಲ, ಹಾಗೆ. ಪದಗಳನ್ನು ಹಿಂದೆ ಮುಂದೆ ಮಾಡಿ ಕೊನೆಗೆ ಒಂದು ಮಾತು ಕಟ್ಟಿದಳು: "ನಿಮ್ಮ ತಾಯಿ ಕಾಯುತ್ತಿದ್ದಾರೆ. ಬರುವ ಸಮಯ ತಿಳಿಸಿ." ಅದನ್ನೇ ಮತ್ತೆ ಮತ್ತೆ. ನಾನು ತಲೆ ಬಾಚಿದೆ, ಒಗೆದ ಬಟ್ಟೆ ಉಡಿಸಿದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ ಎಂದರೂ ಕೇಳಲಿಲ್ಲ.

ನಿನ್ನ ಫೋನ್ ಬಂತು. ಸ್ಪೀಕರ್ ಹಾಕಿ ಅವಳ ಮುಂದೆ ಹಿಡಿದೆ. "ನಿಮ್ಮ ತಾಯಿ" ಎನ್ನುವಷ್ಟು ಬಂತು, ಕೆಂಪು ದೀಪ ಹತ್ತಿತು. ಮಧ್ಯಾಹ್ನ ಒಮ್ಮೆ ಆರಿಸಿ ಹಚ್ಚಿದ ಮೇಲೂ ಅವಳು ಅಭ್ಯಾಸ ನಿಲ್ಲಿಸಿರಲಿಲ್ಲ, ಅಟ್ಟಿ ಮತ್ತೆ ತುಂಬಿಹೋಗಿತ್ತು. ಫೋನ್ ಬರುವ ಮೊದಲು ನಾನು ಇನ್ನೊಮ್ಮೆ ಆರಿಸಿ ಹಚ್ಚಬೇಕಿತ್ತು. ಅವಳು ಪೆಟ್ಟಿಗೆಯಿಂದ ಕೈ ತೆಗೆಯಲಿಲ್ಲ, ನಾನು ಒತ್ತಾಯ ಮಾಡಲಿಲ್ಲ.

ಈಗ ನೀನಂದದ್ದು. "ಹಲೋ, ಏನಾಯ್ತು? ನಿಂತೋಯ್ತಾ? ಇರು ಇರು, ಆರಿಸ್ಬೇಡ. ಯಾವ ಪದದ ಮೇಲೆ ನಿಂತಿತು ಹೇಳು, ಬೆಳಗ್ಗಿಂದ ಎಷ್ಟು ಒತ್ತಿರಬಹುದು?" ನಾನು, ಅಮ್ಮ ಇಲ್ಲೇ ಇದ್ದಾಳೆ, ಒಂದು ನಿಮಿಷ, ಹಚ್ಚುತ್ತೇನೆ, ಅವಳ ಜೊತೆ ಮಾತಾಡು ಎಂದೆ. ನೀನು, "ಅಮ್ಮ ಎಲ್ಲಿಗೋಗ್ತಾಳೋ, ಅಲ್ಲೇ ಇರ್ತಾಳಲ್ಲ. ಮೊದ್ಲು ಇದನ್ನ ಹೇಳು" ಎಂದೆ. ಆಮೇಲೆ ಯಾರೋ ನಿನ್ನನ್ನು ಊಟಕ್ಕೆ ಕರೆದರು. ಸಭೆಯಲ್ಲಿ ನಿನ್ನ ಮಾತಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು ಎಂದು ಹೇಳಿ, ಆಮೇಲೆ ಮಾಡ್ತೀನಿ ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ.

ಸ್ಪೀಕರಿನಲ್ಲಿ ಅವಳು ಎಲ್ಲ ಕೇಳಿಸಿಕೊಂಡಳು. ಅವಳ ಬಾಯಿ ಹೋಗಿದೆ, ಕಿವಿ ಹೋಗಿಲ್ಲ.

ನೀನು ಇಡುವ ಹೊತ್ತಿಗೆ ನಾನು ಪೆಟ್ಟಿಗೆಯನ್ನು ಹಚ್ಚಿಯಾಗಿತ್ತು. ದೀಪ ಹಸಿರಾಗಿತ್ತು. ಅವಳು ಗುಂಡಿ ಮುಟ್ಟಲಿಲ್ಲ. ಎಡಗೈಯ ಹಿಂಬದಿಯಿಂದ ಪೆಟ್ಟಿಗೆಯನ್ನು ಮೇಜಿನ ಅಂಚಿನ ತನಕ ತಳ್ಳಿದಳು, ಬೀಳುವಷ್ಟು ತಳ್ಳಲಿಲ್ಲ. ಅವತ್ತಿನಿಂದ ಅದನ್ನು ಮುಟ್ಟಿಲ್ಲ. ನೀರು ಬೇಕಾದರೆ ಲೋಟ ನೋಡುತ್ತಾಳೆ. ನಾನು ಊಹಿಸಿಕೊಳ್ಳುತ್ತೇನೆ, ಅರ್ಧ ತಪ್ಪಾಗುತ್ತದೆ.

ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ, ಅಕ್ಕ. ಇಲ್ಲಿದ್ದ ಹತ್ತು ದಿನವೂ ನೀನು ಅವಳಿಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ಕೂತು ಬೆಸುಗೆ ಹಾಕುತ್ತಿದ್ದೆ. ಎಷ್ಟು ಕಷ್ಟಪಡುತ್ತಿದ್ದಾಳೆ ಅಮ್ಮನಿಗಾಗಿ ಎಂದು ನಾನು ಎಲ್ಲರ ಮುಂದೆ ಕೊಂಡಾಡಿದೆ. ಅಮ್ಮನಿಗೆ ಆಗ ಪೆಟ್ಟಿಗೆಯಲ್ಲ, ತನ್ನ ಕಡೆ ತಿರುಗಿ ಕೂರುವವಳು ಬೇಕಾಗಿತ್ತು.

ತಮ್ಮ


ಜೂನ್ 5

ತಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಪತ್ರಕ್ಕೆ ಎರಡು ಸಲ ಉತ್ತರ ಬರೆದೆ, ಎರಡನ್ನೂ ಹರಿದೆ.

ಇದರ ಜೊತೆ ಹೊಸ ಚಿಪ್ ಇಟ್ಟಿದ್ದೇನೆ. ಹಳೆಯದನ್ನು ಕಿತ್ತು ಇದನ್ನು ಕೂರಿಸು, ಮೂಲೆಯ ಚುಕ್ಕಿ ಸ್ವಿಚ್ಚಿನ ಕಡೆಗಿರಲಿ. ಕಂಪೈಲರಿನಲ್ಲಿ ಒಂದು ಸಣ್ಣ ಸುಧಾರಣೆ ಮಾಡಿದ್ದೇನೆ, ತಪ್ಪಿತ್ತು ಎಂದಲ್ಲ. ಸಭೆಯಲ್ಲಿ ಕೆಲವರು ಕೊಟ್ಟ ಸಲಹೆಯಂತೆ ಬೈಟ್‌ಕೋಡ್ ಇನ್ನಷ್ಟು ಬಿಗಿಯಾಗಿದೆ. ಇನ್ನು ನಿಲ್ಲಲಾರದು. ಈ ಚಿಪ್ಪಿಗೆ ಬೀಗ ಹಾಕಿಲ್ಲ. ಅಮ್ಮನ ಧ್ವನಿಮುದ್ರಣಗಳ ಪ್ರತಿಯನ್ನೂ ಜೊತೆಗೆ ಇಟ್ಟಿದ್ದೇನೆ.

ಲಿಫ್ಟಿನ ಕೆಲಸ ಒಂದು ಹದಕ್ಕೆ ಬಂದಿದೆ. ಇಪ್ಪತ್ತಕ್ಕೆ ಹೊರಡುತ್ತೇನೆ. ಟಿಕೆಟ್ ಆಗಿದೆ, ಒಂದು ವಾರ ಇರುತ್ತೇನೆ. ನೀನು ಬರೆದದ್ದೆಲ್ಲ ಸರಿ ಎಂದು ನಾನು ಒಪ್ಪಿಕೊಳ್ಳುವುದಿಲ್ಲ, ನಿನಗೆ ಮೊದಲಿನಿಂದಲೂ ಒಂದಕ್ಕೆ ಹತ್ತು ಸೇರಿಸುವ ಚಾಳಿ. ಆದರೂ ಬರಬೇಕು ಅನಿಸಿದೆ. ನನಗೂ ಅವಳೊಬ್ಬಳೇ ಅಮ್ಮ.

ಅವಳಿಗೆ ಹೇಳು, ಬರುತ್ತಿದ್ದೇನೆ ಅಂತ. ಹೇಳಿದಾಗ ಏನಂದಳು ಎಂದು ತಪ್ಪದೆ ಬರೆ.

ಅಕ್ಕ


ಜೂನ್ 13

ಅಕ್ಕ,

ಚಿಪ್ ಬಂತು, ಕೂರಿಸಿದೆ. ಅಮ್ಮ ಮುಟ್ಟಲಿಲ್ಲವಾದ್ದರಿಂದ ಭಾನುವಾರ ನಾನೇ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಕತ್ತಲಾಗುವವರೆಗೆ ಒತ್ತಿದೆ. ದರ್ಜಿಯೂ ಬಂದು ಸ್ವಲ್ಪ ಹೊತ್ತು ಒತ್ತಿದರು, "ಗುದ್ದೋಕೇ ಅವಕಾಶ ಕೊಡ್ತಿಲ್ವಲ್ಲ ಇದು" ಎಂದರು. ಒಂದು ಸಲವೂ ಕೆಂಪು ದೀಪ ಹತ್ತಲಿಲ್ಲ. ಬೀಗ ಇಲ್ಲದ್ದರಿಂದ ಒಳಗಿರುವುದನ್ನೂ ಓದಿದೆ. ನಿನ್ನ ಸುಧಾರಣೆ ಎಂದರೆ ಪ್ರತಿ ನುಡಿಯ ಹಿಂದೆ ಒಂದು ತೆಗೆ. ಬೇರೇನೂ ಇಲ್ಲ. ಅದನ್ನು ನೀನು ಏನೆಂದಾದರೂ ಕರೆದುಕೋ, ನನಗೆ ಇನ್ನು ಜಗಳ ಬೇಡ.

ಸೋಮವಾರ ಸಂಜೆ ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ನನ್ನನ್ನು ಬೈದದ್ದನ್ನೂ ಬಿಡದೆ ಓದಿದೆ. ಅಕ್ಕ ಇಪ್ಪತ್ತಕ್ಕೆ ಹೊರಡುತ್ತಾಳಂತೆ, ಒಂದು ವಾರ ಇರುತ್ತಾಳಂತೆ, ಪೆಟ್ಟಿಗೆ ಸರಿಮಾಡಿ ಕಳಿಸಿದ್ದಾಳೆ ಎಂದೆ. ಅವಳು ನೀನು ಕೂರುತ್ತಿದ್ದ ಕಿಟಕಿಯ ಕಡೆ ನೋಡಿದಳು. ಆಮೇಲೆ ಪೆಟ್ಟಿಗೆಯನ್ನು ತಾನಾಗಿಯೇ ಹತ್ತಿರಕ್ಕೆ ಎಳೆದುಕೊಂಡಳು, ಒಂದೂವರೆ ತಿಂಗಳಾದ ಮೇಲೆ ಮೊದಲ ಸಲ. ನಿಜ ಹೇಳುತ್ತೇನೆ, ನಿನ್ನ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣಕ್ಕೆ ಇಳಿದುಹೋಯಿತು.

ಅವಳು ಒತ್ತಿದ್ದು "ಬೇಡ."

ಬೆರಳು ಜಾರಿರಬೇಕು ಅಂದುಕೊಂಡೆ. ಅಮ್ಮಾ, ಅಕ್ಕ ಬರ್ತಿದಾಳೆ ಅಂದೆ, ಬರ್ಲಾ ಅಂತ ಕೇಳ್ತಿದಾಳೆ ಅಂದೆ. ಮತ್ತೆ "ಬೇಡ." ಟಿಕೆಟ್ ತೆಗೆಸಿದ್ದಾಳೆ, ಪಾಪ, ಎಷ್ಟೋ ದಿನದ ಮೇಲೆ ಬರುತ್ತಿದ್ದಾಳೆ ಎಂದೆ. ನಿನ್ನ ಪರವಾಗಿ ನನಗೆ ತಿಳಿದಷ್ಟೂ ಹೇಳಿದೆ, ಕೆಲಸದ ಒತ್ತಡ ಎಂದೆ, ಆಸ್ಪತ್ರೆಯ ಲಿಫ್ಟ್ ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗುಂಡಿಗಳ ಮೇಲೆ ಬೆರಳಾಡಿಸುತ್ತ ಬೇಕಾದ ಪದ ಹುಡುಕಿ, ನಿಧಾನವಾಗಿ ಎರಡನ್ನು ಜೋಡಿಸಿದಳು.

"ದಯವಿಟ್ಟು. ಬೇಡ."

ಪೆಟ್ಟಿಗೆ ಕೆಟ್ಟಿಲ್ಲ, ಅಕ್ಕ. ಎರಡು ಪದವೂ ಸ್ಪಷ್ಟವಾಗಿ ಬಂದವು. ಟಿಕೆಟ್ ರದ್ದುಮಾಡಿಸು.

ತಮ್ಮ